ಶಾಲೆ ಬಿಟ್ಟ ಮೇಲೆ

ಶಾಲೆಯನ್ನು ಕುರಿತ ಚಲಚ್ಚಿತ್ರವನ್ನು ಉಪಾಧ್ಯಾಯರು ನೋಡುವ ಬಗೆಯೇ ಬೇರೆ. ಉಳಿದವರು ಕಥೆಯನ್ನು ನೋಡುತ್ತಾರೆ. ನಮ್ಮ ಕಣ್ಣು ಕರಿಹಲಗೆಯ ಮೇಲಿನ ಅಕ್ಷರ ಸಾಲಾಗಿದೆಯೇ, ಹಿಂದಿನ ಬೆಂಚಿನ ಹುಡುಗಿ ಏನು ಮಾಡುತ್ತಿದ್ದಾಳೆ, ಗಂಟೆ ಹೊಡೆದ ಮೇಲೂ ಎದ್ದು ಹೋಗದೆ ಉಳಿದ ಮಗು ಯಾವುದು ಎಂಬುದರ ಮೇಲೆ ಹೋಗುತ್ತದೆ. ಜಾರ್ಜಿಯಾ ಓಕ್ಲಿ ಎಂಬಾಕೆ ನಿರ್ದೇಶಿಸಿದ, ೨೦೨೨ರಲ್ಲಿ ವೆನಿಸ್ ನಗರದಲ್ಲಿ ಮೊದಲು ತೋರಿಸಲಾದ ‘ಬ್ಲೂ ಜೀನ್’ ಎಂಬ ಬ್ರಿಟಿಷ್ ಚಿತ್ರವನ್ನು ನಾನು ನೋಡಿದ್ದೂ ಹೀಗೆಯೇ. ಹೆಣ್ಣನ್ನೇ ಒಲಿದ ಹೆಣ್ಣೊಬ್ಬಳ ಕಥೆಯೆಂದು ಅದಕ್ಕೆ ಹೆಸರು. ನನಗಾದರೋ ಅದು ಮೊದಲಿನಿಂದ ಕೊನೆಯವರೆಗೂ ಒಬ್ಬ ಉಪಾಧ್ಯಾಯಿನಿಯ ಕಥೆಯಾಗಿಯೇ ಕಂಡಿತು.

ಇಂಥ ಚಿತ್ರಗಳ ಮಾತನ್ನು ನಮ್ಮ ಈ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಹಿರಿಯರಲ್ಲಿ ಕೆಲವರು ಕೇಳಿಯಾರು. ಉಚಿತವೆಂದೇ ನನ್ನ ನಂಬಿಕೆ; ಕಾರಣವು ಮುಂದೆ ತಾನಾಗಿ ತಿಳಿದೀತು. ಇವು ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರಗಳಲ್ಲ. ಸಣ್ಣ ಬಂಡವಾಳದಲ್ಲಿ, ಹೆಸರಾಗದ ನಟರನ್ನು ಇಟ್ಟುಕೊಂಡು, ಹಾಡು ಕುಣಿತಗಳ ಹಂಗಿಲ್ಲದೆ ಸ್ವತಂತ್ರವಾಗಿ ತೆಗೆದಂಥವು. ಹಣ ಕಡಿಮೆಯಾದಲ್ಲಿ ಕೆಲವೊಮ್ಮೆ ಸತ್ಯ ಹೆಚ್ಚಾಗುವುದುಂಟು. ಕೆಲವೊಮ್ಮೆ ಮಾತ್ರ.

ಕಥೆ ನಡೆಯುವುದು ಇಂಗ್ಲೆಂಡಿನ ಈಶಾನ್ಯದ ನ್ಯೂಕಾಸಲ್ ಸೀಮೆಯಲ್ಲಿ, ೧೯೮೮ರಲ್ಲಿ. ಜೀನ್ ಎಂಬಾಕೆ ಬಾಲಕಿಯರಿಗೆ ಆಟ ಕಲಿಸುವ ವ್ಯಾಯಾಮ ಶಿಕ್ಷಕಿ. ವಿವಾಹವಾಗಿ ಬಿಡುಗಡೆ ಪಡೆದವಳು. ಈಗ ವಿವ್ ಎಂಬ ಹೆಣ್ಣಿನೊಡನೆ ಒಲವಿನಿಂದ ಇದ್ದಾಳೆ. ವಿವ್ ಮುಚ್ಚುಮರೆಯಿಲ್ಲದವಳು, ಜೀನ್ ಶಾಲೆಯಲ್ಲಿ ಒಂದು ಮುಖ, ಸಂಜೆ ಗೆಳತಿಯರ ನಡುವೆ ಇನ್ನೊಂದು ಮುಖ ಹೊತ್ತವಳು. ಸಹೋದ್ಯೋಗಿಗಳು ಕರೆದರೆ ನೆಪ ಹೇಳಿ ಜಾರಿಕೊಳ್ಳುತ್ತಾಳೆ. ಹಿನ್ನೆಲೆಯಲ್ಲಿ ರೇಡಿಯೋ ವಾರ್ತೆ ಕೇಳಿಬರುತ್ತಿರುತ್ತದೆ. ವಾರ್ತೆ ಒಂದು ಕಾನೂನನ್ನು ಕುರಿತದ್ದು.

ಆ ಕಾನೂನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ೧೯೮೮ರ ಮೇ ತಿಂಗಳಲ್ಲಿ, ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದಾಗ, ಸ್ಥಳೀಯ ಸರ್ಕಾರಗಳ ಅಧಿನಿಯಮದ ೨೮ನೆಯ ಸೆಕ್ಷನ್ ಜಾರಿಗೆ ಬಂದಿತು. ಸ್ಥಳೀಯ ಆಡಳಿತಗಳು ಸಲಿಂಗಪ್ರೇಮವನ್ನು ಪ್ರೋತ್ಸಾಹಿಸಕೂಡದು, ಅದೂ ಒಪ್ಪತಕ್ಕ ಒಂದು ಸಂಸಾರವೆಂದು ಶಾಲೆಗಳಲ್ಲಿ ಕಲಿಸುವುದಕ್ಕೆ ಎಡೆಗೊಡಕೂಡದು ಎಂಬುದು ಅದರ ಸ್ಥೂಲವಾದ ಆಶಯ. ಸ್ಕಾಟ್ಲೆಂಡಿನಲ್ಲಿ ಇದು ೨೦೦೦ದಲ್ಲಿಯೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೦೩ರಲ್ಲಿಯೂ ರದ್ದಾಯಿತು. ಈ ನಡುವಣ ಹದಿನೈದು ವರ್ಷಗಳಲ್ಲಿ ಈ ಸೆಕ್ಷನ್ನಿನ ಕೆಳಗೆ ನ್ಯಾಯಾಲಯದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ಉಪಾಧ್ಯಾಯ ಒಬ್ಬನೂ ಇಲ್ಲ. ಅಕ್ಷರಶಃ ಓದಿದರೆ ಅದು ಉಪಾಧ್ಯಾಯರನ್ನು ಉದ್ದೇಶಿಸಿದ್ದೂ ಅಲ್ಲ. ಆಡಳಿತ ಸಂಸ್ಥೆಗಳನ್ನು ಉದ್ದೇಶಿಸಿದ್ದು. ಆದರೂ ಉಪಾಧ್ಯಾಯರು ಬಾಯಿ ಮುಚ್ಚಿಕೊಂಡರು. ಅಣಕಕ್ಕೆ ಗುರಿಯಾದ ಮಗುವಿನ ಪರವಾಗಿ ಒಂದು ಮಾತನಾಡಿದರೂ ಅದು ಪ್ರೋತ್ಸಾಹವೆನಿಸೀತೆ, ಕೆಲಸ ಹೋದೀತೆ ಎಂಬ ಅಂಜಿಕೆ. ಸುತ್ತೋಲೆಯಲ್ಲಿ ಇರುವುದಕ್ಕಿಂತ ಹೆಚ್ಚನ್ನು ಓದಿಕೊಂಡು ನಡೆಯುವುದು ನಮ್ಮ ವೃತ್ತಿಯವರ ಗುಣವೆಂಬುದನ್ನು ಸುತ್ತೋಲೆ ಕಂಡ ಯಾರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂಜಿಕೆಯನ್ನು ಚಿತ್ರವು ಬಹಳ ಚೆನ್ನಾಗಿ ಹಿಡಿದಿದೆ. ಜೀನ್ ಪಾತ್ರದ ರೋಸಿ ಮೆಕ್ಯೂಯನ್ ಹೆಚ್ಚು ಮಾತನಾಡುವುದಿಲ್ಲ. ಕತ್ತಿನ ನರ, ಭುಜದ ಬಿಗಿ, ಉಸಿರು ಇವುಗಳಿಂದಲೇ ನಟಿಸುತ್ತಾಳೆ. ಹೊಸೂರು ಸೀಮೆಯ ನಮಗೆ ಈ ಎಚ್ಚರ ತೀರ ಅಪರಿಚಿತವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ತಮಿಳು. ಬಸ್ಸಿನಲ್ಲಿ ಪಕ್ಕದವರು ಯಾರೆಂದು ನೋಡಿ ಮಾತಿನ ಭಾಷೆಯನ್ನು ಬದಲಿಸುವುದು ನಮ್ಮ ಮಕ್ಕಳಿಗೂ ಬರುತ್ತದೆ, ಯಾರೂ ಕಲಿಸಿದ್ದಲ್ಲ. ಸೇಲಂ ಜಿಲ್ಲೆಯಲ್ಲಿದ್ದು ೧೯೬೫ರಲ್ಲಿ ಧರ್ಮಪುರಿಗೂ ೨೦೦೪ರಲ್ಲಿ ಕೃಷ್ಣಗಿರಿಗೂ ಸೇರಿದ ಊರಿನವರು ನಾವು. ಅಲ್ಪಸಂಖ್ಯಾತರೆಂಬ ಮಾತಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ತಳಿಯಲ್ಲಿಯೋ ಬಾಗಲೂರಿನಲ್ಲಿಯೋ ಕನ್ನಡದ ಮಗುವನ್ನು ಯಾರಾದರೂ ಹಾಸ್ಯ ಮಾಡಿದರೆ, ಸಂಜೆ ಅದು ಮನೆಗೆ ಹೋಗಿ ಅದೇ ಕನ್ನಡದಲ್ಲಿ ಅವ್ವನ ಮುಂದೆ ಅಳಬಹುದು. ಅವ್ವನೂ ಅದೇ ಪಂಗಡದವಳು. ನಾನೀಗ ಮಾತನಾಡುತ್ತಿರುವ ಮಗುವಿಗೆ ಆ ಸೌಕರ್ಯವಿಲ್ಲ. ಮನೆಯಲ್ಲಿಯೂ ಅದು ಒಂಟಿ. ಶಾಲೆಯಲ್ಲಿ ಅಂದ ಮಾತನ್ನೇ ಅಪ್ಪನೂ ಅಂದಾನು. ಈ ಬಗೆಯ ಚಿತ್ರವನ್ನು ನೋಡುವಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಶಾಲೆ ಬಿಟ್ಟ ಮೇಲೆ ಈ ಮಗು ಎಲ್ಲಿಗೆ ಹೋಗುತ್ತದೆ?

‘ಬ್ಲೂ ಜೀನ್’ ಚಿತ್ರದಲ್ಲಿ ಅಂಥ ಮಗು ಇದೆ. ಲೋಯಿಸ್ ಎಂಬ ಹೊಸ ವಿದ್ಯಾರ್ಥಿನಿ, ಜೀನಳಂತೆಯೇ ಸ್ವಭಾವದವಳು. ಒಂದು ಸಂಜೆ ಅವಳು ಜೀನ್ ಹೋಗುವ ಪಾನಗೃಹದಲ್ಲಿಯೇ ಕಾಣಿಸಿಕೊಳ್ಳುತ್ತಾಳೆ. ಉಪಾಧ್ಯಾಯಿನಿಯ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಶಾಲೆಯಲ್ಲಿ ಇನ್ನೊಬ್ಬ ಹುಡುಗಿ ಲೋಯಿಸಳ ಮೇಲೆ ಸುಳ್ಳು ಆರೋಪ ಹೊರಿಸಿದಾಗ, ನಿಜವನ್ನು ಬಲ್ಲ ಜೀನ್ ಅವಳ ಪರವಾಗಿ ನಿಲ್ಲುವುದಿಲ್ಲ. ಶಿಕ್ಷೆ ಬೀಳುವುದು ಲೋಯಿಸಳಿಗೆ. ವಿವ್ ಇದನ್ನು ಸಹಿಸುವುದಿಲ್ಲ.

ಇಲ್ಲಿಯವರೆಗೆ ನಿರ್ದೇಶಕಿಯ ಕೈ ಬಿಗಿಯಾಗಿದೆ. ಮುಂದೆ ಮಾತ್ರ ನನಗೆ ಆಕ್ಷೇಪವುಂಟು. ಚಿತ್ರವು ಜೀನಳ ಮನಸ್ಸಾಕ್ಷಿಯನ್ನು ಹಿಂಬಾಲಿಸುತ್ತದೆ. ಅವಳು ಸೋದರಿಯ ಮನೆಯ ಹುಟ್ಟುಹಬ್ಬದ ಕೂಟದಲ್ಲಿ ತನ್ನ ನಿಜವನ್ನು ಬಾಯಿಬಿಟ್ಟು ಹೇಳಿಬಿಡುತ್ತಾಳೆ. ಅವಳಿಗೆ ಹಗುರವಾಗುತ್ತದೆ, ನೋಡುವ ನಮಗೂ ಆಗುತ್ತದೆ. ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಲೋಯಿಸ್ ಮುಂದೆ ಯಾವ ಶಾಲೆಯಲ್ಲಿ ಓದಿದಳು? ಪರೀಕ್ಷೆಗೆ ಕುಳಿತಳೇ? ಅವಳ ವರ್ಗಾವಣೆ ಪತ್ರದಲ್ಲಿ ನಡತೆಯ ಕಾಲಮ್ಮಿನ ಎದುರು ಮುಖ್ಯೋಪಾಧ್ಯಾಯಿನಿ ಏನೆಂದು ಬರೆದರು? ಇದನ್ನೆಲ್ಲ ಕೇಳುವುದು ರಸಿಕರ ಲಕ್ಷಣವಲ್ಲವೆಂದು ಯಾರಾದರೂ ಅಂದರೆ ಅನ್ನಲಿ. ಹಾಜರಿ ಪುಸ್ತಕ ಬರೆಯುವವರಿಗೆ ಕೈಬಿಟ್ಟುಹೋದ ಹೆಸರೇ ಮೊದಲು ಕಣ್ಣಿಗೆ ಬೀಳುವುದು.

ಈ ದೃಷ್ಟಿಯಿಂದ ಹಿಂದಿನ ಕೆಲವು ಚಿತ್ರಗಳನ್ನೂ ನೋಡಬಹುದು. ೧೯೮೫ರ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ನನಗೆ ಮೆಚ್ಚಿಕೆಯಾದದ್ದು. ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ ಈ ಚಿತ್ರ ಚಾನೆಲ್ ಫೋರ್ ಎಂಬ ಟೆಲಿವಿಷನ್ ಸಂಸ್ಥೆಗಾಗಿ ಸಣ್ಣ ವೆಚ್ಚದಲ್ಲಿ ತಯಾರಾದದ್ದು. ಲಂಡನ್ನಿನ ಪಾಕಿಸ್ತಾನಿ ಮನೆತನದ ಹುಡುಗ ಓಮರ್ ಮತ್ತು ಬಿಳಿಯರ ಹುಡುಗ ಜಾನಿ ಸೇರಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯೊಂದನ್ನು ನಡೆಸುತ್ತಾರೆ, ಒಬ್ಬರನ್ನೊಬ್ಬರು ಒಲಿಯುತ್ತಾರೆ. ಇದರಲ್ಲಿ ನಮ್ಮ ಮನೆಗಳಂತೆಯೇ ಚಿಕ್ಕಪ್ಪಂದಿರು ತುಂಬಿದ್ದಾರೆ. ಸಾಲ, ವ್ಯಾಪಾರ, ಚಿಕ್ಕಪ್ಪನ ಮಗಳೊಡನೆ ಮದುವೆಯ ಮಾತು ಎಲ್ಲವೂ ಇದೆ. ಒಲವೆಂಬುದು ಬೇರೆ ಕೋಣೆಯಲ್ಲಿ ನಡೆಯುವ ವಿಷಯವಲ್ಲ, ಸಂಸಾರದ ಗದ್ದಲದ ನಡುವೆಯೇ ನಡೆಯುತ್ತದೆ ಎಂಬುದನ್ನು ಕುರೇಶಿ ಬಲ್ಲರು. ಆದರೆ ಚಿಕ್ಕಪ್ಪನ ಮಗಳಾದ ತಾನಿಯಾಳನ್ನು ನೋಡಿರಿ. ಬುದ್ಧಿವಂತೆ, ದಿಟ್ಟೆ. ಕೊನೆಗೆ ಪೆಟ್ಟಿಗೆ ಹಿಡಿದು ರೈಲುನಿಲ್ದಾಣದಲ್ಲಿ ನಿಂತಿರುತ್ತಾಳೆ; ಒಂದು ರೈಲು ಹಾದುಹೋಗುವಷ್ಟರಲ್ಲಿ ಮಾಯವಾಗಿರುತ್ತಾಳೆ. ಇಬ್ಬರು ಹುಡುಗರಿಗೆ ಅಂಗಡಿಯ ಹಿಂದಿನ ಕೋಣೆಯಾದರೂ ಸಿಕ್ಕಿತು, ಹುಡುಗಿಗೆ ಪ್ಲಾಟ್‌ಫಾರಂ ಮಾತ್ರ ಸಿಕ್ಕಿತು.

ಹುಡುಗಿಯನ್ನೇ ನಡುವೆ ನಿಲ್ಲಿಸಿದವರು ಪ್ರತಿಭಾ ಪರ್ಮಾರ್. ನೈರೋಬಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದವರು. ೧೯೯೧ರಲ್ಲಿ ಅವರು ತೆಗೆದ ‘ಖುಷ್’ ಎಂಬ ಸಾಕ್ಷ್ಯಚಿತ್ರದಲ್ಲಿ ನಮ್ಮ ಉಪಖಂಡದ ಇಂಥ ಹೆಣ್ಣು ಗಂಡುಗಳು ತಾವೇ ಮಾತನಾಡಿದ್ದಾರೆ. ಅದು ಗಟ್ಟಿಯಾದ ಕೆಲಸ. ಅವರದೇ ೨೦೦೬ರ ‘ನೀನಾಸ್ ಹೆವನ್ಲಿ ಡಿಲೈಟ್ಸ್’ ಮಾತ್ರ ನನ್ನ ನಾಲಗೆಗೆ ಸಪ್ಪೆ. ಗ್ಲಾಸ್ಗೋ ನಗರದ ಭಾರತೀಯ ಹೋಟೆಲಿನ ಮಗಳು ತಂದೆ ತೀರಿದ ಮೇಲೆ ಊರಿಗೆ ಬಂದು, ಅಡುಗೆ ಸ್ಪರ್ಧೆಗೆ ಅಣಿಯಾಗುತ್ತ ಲೀಸಾ ಎಂಬವಳನ್ನು ಒಲಿಯುವ ಕಥೆ. ಮಸಾಲೆ ಹುರಿದ ಘಮದಲ್ಲಿ ಎಲ್ಲರ ಕೋಪವೂ ಕರಗಿಹೋಗುತ್ತದೆ. ನಮ್ಮ ಮನೆಗಳ ಒಲೆಯ ಮುಂದೆ ಅಷ್ಟು ಬೇಗ ಕರಗುವ ಕೋಪವನ್ನು ನಾನು ಕಂಡಿಲ್ಲ.

ಆಂಡ್ರೂ ಹೇಗ್ ಅವರ ‘ವೀಕೆಂಡ್’ ೨೦೧೧ರದು. ನಾಟಿಂಗ್ಹ್ಯಾಮ್ ನಗರದಲ್ಲಿ ಇಬ್ಬರು ಗಂಡಸರು ಶುಕ್ರವಾರದಿಂದ ಭಾನುವಾರದವರೆಗೆ ಪರಿಚಯವಾಗಿ, ಮಾತನಾಡಿ, ಬೇರೆಯಾಗುವ ಕಥೆ. ಎತ್ತರದ ಮಹಡಿಯ ಮನೆ, ಒಳಗಿನಿಂದ ಚಿಲಕ. ಒಬ್ಬರ ತಾಯಿಯೂ ಬಂದು ಬಾಗಿಲು ತಟ್ಟುವುದಿಲ್ಲ. ಇಷ್ಟು ಏಕಾಂತ ನಮ್ಮಲ್ಲಿ ಯಾರಿಗೆ ದೊರೆಯುತ್ತದೆ ಎಂದು ಮೊದಲು ನನಗೆ ಸಿಡುಕು ಬಂದಿತು. ಆದರೆ ಅದರಲ್ಲೊಂದು ಸಂದರ್ಭವಿದೆ. ರಸೆಲ್ ತಂದೆ ತಾಯಿಗಳಿಲ್ಲದೆ ಅನ್ಯರ ಆಶ್ರಯದಲ್ಲಿ ಬೆಳೆದವನು. ತನ್ನ ನಿಜವನ್ನು ಹೇಳಿಕೊಳ್ಳಲು ಅವನಿಗೆ ಮನೆಯವರೆಂಬವರೇ ಇಲ್ಲ. ಆಗ ಗ್ಲೆನ್ ತಾನೇ ತಂದೆಯ ಪಾತ್ರ ವಹಿಸುತ್ತಾನೆ; ರಸೆಲ್ ಅವನಿಗೆ ಹೇಳುತ್ತಾನೆ; ‘ತಂದೆ’ ಮಗನನ್ನು ಕುರಿತು ಹೆಮ್ಮೆಪಡುತ್ತಾನೆ. ಮಕ್ಕಳ ಅಪ್ಪ ಅಮ್ಮನ ಆಟದಂಥ ಈ ಪುಟ್ಟ ನಾಟಕವನ್ನು ನೋಡಿದ ಮೇಲೆ ನನ್ನ ಸಿಡುಕು ಉಳಿಯಲಿಲ್ಲ.

ಫ್ರಾನ್ಸಿಸ್ ಲೀ ಅವರ ‘ಗಾಡ್ಸ್ ಓನ್ ಕಂಟ್ರಿ’ ೨೦೧೭ರದು. ಯಾರ್ಕ್‌ಷೈರಿನ ಕುರಿ ಸಾಕುವ ಗುಡ್ಡಗಾಡು. ಪಾರ್ಶ್ವವಾಯು ಬಡಿದ ತಂದೆ, ಮಾತು ಕಡಿಮೆಯ ಅಜ್ಜಿ, ಕುಡಿತಕ್ಕೆ ಬಿದ್ದ ಮಗ ಜಾನಿ, ಕೂಲಿಗೆ ಬಂದ ರುಮೇನಿಯಾದ ಗ್ಯೋರ್ಗೆ. ಡೆಂಕಣಿಕೋಟೆಯ ಕಾಡಂಚಿನ ಕುರಿಗಾಹಿಗೆ ತೋರಿಸಿದರೂ ಬೇಸರಪಡದೆ ನೋಡಿಯಾನು. ಒಂದೆಡೆ ಗ್ಯೋರ್ಗೆ ಸತ್ತ ಮರಿಯ ಚರ್ಮವನ್ನು ಸುಲಿದು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತಾನೆ. ವಾಸನೆ ಹಿಡಿದ ತಾಯಿಕುರಿ ತನ್ನದೇ ಎಂದು ಹತ್ತಿರ ಸೇರಿಸಿಕೊಂಡು ಹಾಲು ಕೊಡುತ್ತದೆ. ತಾಯಿ ಒಪ್ಪಲೆಂದು ಬೇರೊಬ್ಬರ ಚರ್ಮ ತೊಟ್ಟು ತಿರುಗುವ ಮಕ್ಕಳು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿಯೋ!

ನನಗೆ ಗೊತ್ತಿದ್ದವನು ಒಬ್ಬ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯ ಐದನೆಯ ತರಗತಿಯ ಹುಡುಗ. ಮೆಲುದನಿ, ಹುಡುಗಿಯರೊಡನೆ ಕುಂಟಾಬಿಲ್ಲೆ ಆಡುತ್ತಿದ್ದ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಸೀತೆಯ ಪಾತ್ರವನ್ನು ಕೇಳಿ ಪಡೆದು, ಎಷ್ಟು ಚೆನ್ನಾಗಿ ಆಡಿದನೆಂದರೆ ಊರ ಹೆಂಗಸರು ಕಣ್ಣೊರಸಿಕೊಂಡರು. ಮರುದಿನದಿಂದ ಅದೇ ಊರಿನ ದೊಡ್ಡ ಹುಡುಗರು ಮೂರು ಭಾಷೆಗಳಲ್ಲಿ ಅವನಿಗೆ ಹೆಸರಿಟ್ಟರು. ಒಬ್ಬ ಸಹೋದ್ಯೋಗಿಯಂತೂ ನಗೆಗಾಗಿ ಅವನನ್ನು ಹುಡುಗಿಯರ ಸಾಲಿನಲ್ಲಿ ಒಬ್ಬನನ್ನೇ ನಿಲ್ಲಿಸಿದರು. ಹುಡುಗ ಮಧ್ಯಾಹ್ನದ ಊಟವಾದೊಡನೆ ಮಾಯವಾಗತೊಡಗಿದ. ಕಾರಣ ತಿಳಿಯಲು ವಾರ ಹಿಡಿಯಿತು: ಸಂಜೆ ಶಾಲೆ ಬಿಟ್ಟ ಮೇಲೆ ಊರ ದಾರಿಯ ಮೋರಿಯ ಹತ್ತಿರ ಅವರು ಕಾಯುತ್ತಿದ್ದರು. ಅವನ ತಾಯಿ ಬಂದು, “ಇವನಿಗೆ ಏನಾಗದೆ ಟೀಚರಮ್ಮ, ಯಾವ ದೇವರಿಗೆ ಹರಕೆ ಕಟ್ಕೊಳ್ಳಲಿ?” ಎಂದು ಕೇಳಿದಳು. ಏನೂ ಆಗಿಲ್ಲವೆಂದೆ. ಆ ಊರಿನ ಹುಡುಗಿಯರ ಗುಂಪಿನೊಡನೆ ಅವನನ್ನು ಕಳುಹಿಸುವ ಏರ್ಪಾಡು ಮಾಡಿದೆವು, ಐದನೆಯದು ಮುಗಿಯಿತು. ಆರನೆಯ ತರಗತಿಗೆ ಬೇರೆ ಶಾಲೆ ಸೇರಿದವನು ಅಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ.

ನಮ್ಮ ಸೀಮೆಯಲ್ಲಿ ದ್ರೌಪದಿಯಮ್ಮನ ಜಾತ್ರೆಗೆ ರಾತ್ರಿಯಿಡೀ ತೆರುಕೂತ್ತು ಆಡುತ್ತಾರೆ. ದ್ರೌಪದಿ ಗಂಡಸೇ. ಊರೆಲ್ಲ ಕೈಮುಗಿಯುತ್ತದೆ. ಯಕ್ಷಗಾನದ ಸ್ತ್ರೀವೇಷಧಾರಿಗಳಿಗೆ ಕನ್ನಡ ನಾಡು ಕೊಟ್ಟ ಗೌರವವೇನು ಕಡಿಮೆಯೇ? ರಾತ್ರಿ ಕೈಮುಗಿಸಿಕೊಂಡದ್ದು ಹಗಲಿನಲ್ಲಿ ಕಲ್ಲೇಟು ತಿನ್ನುವುದೇಕೆಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು. ಒಂದು ಭಾಗವನ್ನಂತೂ ಆಂಗ್ಲರೇ ಕಟ್ಟಿಕೊಟ್ಟರು: ೧೮೬೦ರ ದಂಡಸಂಹಿತೆಯ ೩೭೭ನೆಯ ಸೆಕ್ಷನ್ ಅವರು ಬರೆದದ್ದು. ಗಂಡಸರ ನಡುವಣ ಇಂಥ ಸಂಬಂಧ ಅಪರಾಧವಲ್ಲವೆಂದು ಅವರು ಇಂಗ್ಲೆಂಡಿನಲ್ಲಿ ೧೯೬೭ರಲ್ಲಿ ಒಪ್ಪಿಕೊಂಡರು. ವಯಸ್ಕರಿಬ್ಬರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು ೨೦೧೮ರ ಸೆಪ್ಟೆಂಬರಿನಲ್ಲಿ. ತಮ್ಮ ಕಾನೂನು ಕಡಲಾಚೆ ಮಾಡಿದ್ದೇನೆಂದು ನಾನು ಕಂಡ ಈ ಬ್ರಿಟಿಷ್ ಕಥಾಚಿತ್ರಗಳು ಕೇಳುವುದೇ ಇಲ್ಲ. ಅವರ ದುಃಖ ನಿಜವಾದದ್ದು, ಆದರೆ ಅದರ ಎಲ್ಲೆ ಅವರ ಕಡಲತೀರದಲ್ಲಿ ಮುಗಿದುಹೋಗುತ್ತದೆ.

ನಮ್ಮ ಚಿತ್ರ ಯಾವುದು? ಹೆಣ್ಣು ಹೆಣ್ಣನ್ನು ಒಲಿದ ಕಥೆಯನ್ನೇ ಮುಖ್ಯವಾಗಿ ಹೇಳಿದ ಕನ್ನಡ ಚಿತ್ರವೊಂದನ್ನು ನಾನು ಕಂಡಿಲ್ಲ. ಗಂಡನ್ನು ಒಲಿದ ಗಂಡಿನ ಬದುಕು ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ ೨೦೧೩ರಲ್ಲಿಯೇ ಕಥೆಗಳಾಗಿ ಬಂದಿದೆ. ತೆರೆಯ ಮೇಲೆ ಬಂದದ್ದು ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’, ೨೦೧೫ರಲ್ಲಿ. ಇದರ ಮೂಲ ತಮಿಳಿನದು: ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ, ತಮಿಳ್ ಸೆಲ್ವಿಯವರ ಅನುವಾದದಿಂದ ಕನ್ನಡಕ್ಕೆ ಬಂದದ್ದು. ಹಾಗೆಯೇ ನಾಮಕ್ಕಲ್ ಸೀಮೆಯ ಎ. ರೇವತಿಯವರ ಬದುಕು ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಯಿತು. ಹುಟ್ಟಿದ ಮನೆ ಒಪ್ಪದ ಈ ಇಬ್ಬರು ತಮಿಳು ಹೆಣ್ಣುಮಕ್ಕಳ ಕಥೆ ಅತ್ತಿಬೆಲೆಯ ಗಡಿಯನ್ನು ದಾಟಿ ಕನ್ನಡದಲ್ಲಿಯೂ ಮನೆ ಮಾಡಿತೆಂಬುದು ಗಡಿಯ ಮೇಲೆಯೇ ಇರುವ ನಮಗೆ ಸಂತೋಷದ ಸಂಗತಿಯಾಗಬೇಕು.

ಚಿತ್ರದಲ್ಲಿ ಮಾದೇಶನೆಂಬ ಹುಡುಗ ವಿದ್ಯಾ ಆಗುತ್ತಾಳೆ. ಸಂಚಾರಿ ವಿಜಯ್ ಅವರಿಗೆ ಈ ಪಾತ್ರಕ್ಕಾಗಿ ಶ್ರೇಷ್ಠ ನಟನೆಂದು ರಾಷ್ಟ್ರಪ್ರಶಸ್ತಿ ಬಂದಿತು, ಪ್ರಸಾಧನಕ್ಕೂ ಬಂದಿತು. ೨೦೨೧ರ ಜೂನ್ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ನಟನ ಬಗ್ಗೆ ನನಗೆ ಗೌರವವಿದೆ. ಅವರ ಕಣ್ಣಿನಲ್ಲಿ ಅಣಕವಿರಲಿಲ್ಲ. ಆದರೂ ಗಂಡಸೊಬ್ಬ ಎಷ್ಟು ಚೆನ್ನಾಗಿ ಹೆಣ್ಣಾದನೆಂದು ಬೆರಗಾಗುವುದು ನಮ್ಮ ಹಳೆಯ ಸ್ತ್ರೀವೇಷದ ಮೆಚ್ಚುಗೆಯೇ ಆಯಿತು. ವಿದ್ಯಾ ಅವರೇ ರಂಗನಟಿ. ಅಂಥವರನ್ನು ತೆರೆಯ ಮೇಲೆ ನಿಲ್ಲಿಸುವ ಧೈರ್ಯ ಆಗ ನಮಗೆ ಇರಲಿಲ್ಲ. ಕಲೆಗಾರಿಕೆಯಲ್ಲಿ ಈ ಚಿತ್ರ ‘ವೀಕೆಂಡ್’ನಷ್ಟು ನವಿರಲ್ಲ, ಸಂಗೀತ ಕೆಲವೆಡೆ ಅಳು ಎಂದು ಆಜ್ಞೆ ಮಾಡುತ್ತದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಇದೇ. ಮನೆಯಿಂದ ಹೊರಬಿದ್ದ ಮಗು ಎಲ್ಲಿಗೆ ಹೋಗುತ್ತದೆ, ಯಾರನ್ನು ಅಮ್ಮನೆಂದು ಕರೆಯುತ್ತದೆ, ಆ ಹೊಸ ಮನೆಗೆ ಯಾವ ಬೆಲೆ ತೆರುತ್ತದೆ, ಓದಿದ ಓದು ಭಿಕ್ಷೆಯ ಚಪ್ಪಾಳೆಯಲ್ಲಿ ಹೇಗೆ ಮುಚ್ಚಿಹೋಗುತ್ತದೆ ಎಂಬುದನ್ನೆಲ್ಲ ಅದು ಬಿಡದೆ ತೋರಿಸಿದೆ. ವಿದ್ಯಾ ಭಾಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರೆಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮಲ್ಲಿ ೨೮ನೆಯ ಸೆ‌ಕ್ಷನ್ನಿನಂಥ ಕಾನೂನು ಇಲ್ಲ. ಆದರೆ ೨೦೨೧ರ ನವೆಂಬರಿನಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಉಪಾಧ್ಯಾಯರಿಗಾಗಿ ಸಿದ್ಧಪಡಿಸಿದ ಕೈಪಿಡಿ, ಆಕ್ಷೇಪಗಳು ಬಂದೊಡನೆ ಕೆಲವೇ ದಿನಗಳಲ್ಲಿ ಅದರ ಜಾಲತಾಣದಿಂದ ಮರೆಯಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಬೇರೊಂದು ಬಗೆಯಲ್ಲಿ ನಡೆದುಕೊಂಡಿದ್ದರು. ಮದುರೆಯಿಂದ ಮನೆ ಬಿಟ್ಟು ಚೆನ್ನೈಗೆ ಬಂದ ಇಬ್ಬರು ಹೆಣ್ಣುಮಕ್ಕಳ ಅರ್ಜಿ ಅವರ ಮುಂದಿತ್ತು. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ತೆರೆದ ನ್ಯಾಯಾಲಯದಲ್ಲಿ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಕುಳಿತು ಪಾಠ ಹೇಳಿಸಿಕೊಂಡ ಮೇಲೆ ಅವರು ಆದೇಶ ಬರೆದರು. ಪೊಲೀಸರು ಇಂಥವರನ್ನು ಪೀಡಿಸಕೂಡದು, ಇವರನ್ನು ‘ಗುಣಪಡಿಸುವ’ ಚಿಕಿತ್ಸೆ ನಿಲ್ಲಬೇಕು ಎಂಬುದರ ಜೊತೆಗೆ, ಶಾಲೆಗಳ ಪೋಷಕ-ಶಿಕ್ಷಕ ಸಭೆಗಳಲ್ಲಿ ತಂದೆ ತಾಯಿಗಳಿಗೆ ಇದನ್ನು ತಿಳಿಸಿಕೊಡಬೇಕೆಂದೂ ಅದರಲ್ಲಿದೆ. ಹೀನಾಯವಲ್ಲದ ಪದಗಳು ಬೇಕೆಂದು ಅದೇ ನ್ಯಾಯಾಲಯ ಒತ್ತಾಯಿಸಿದ್ದರಿಂದ ತಮಿಳುನಾಡು ಸರ್ಕಾರ ೨೦೨೨ರಲ್ಲಿ ತಮಿಳಿನ ಪದಪಟ್ಟಿಯೊಂದನ್ನು ಪ್ರಕಟಿಸಿತು. ನಮ್ಮ ಮಕ್ಕಳ ಬಾಯಲ್ಲಿರುವ ಕನ್ನಡದಲ್ಲಿ ಇದಕ್ಕೆ ಬೈಗುಳಗಳು ಹೇರಳವಾಗಿವೆ. ತರಗತಿಯಲ್ಲಿ ತಲೆಯೆತ್ತಿ ಹೇಳಬಹುದಾದ ಮಾತು ಬೆರಳೆಣಿಕೆಗೂ ಸಿಗದು.

‘ಬ್ಲೂ ಜೀನ್’ ಮಕ್ಕಳಿಗೆ ತೋರಿಸತಕ್ಕ ಚಿತ್ರವಲ್ಲ. ನಮ್ಮ ತರಬೇತಿ ಶಿಬಿರಗಳಲ್ಲಿ ಉಪಾಧ್ಯಾಯರಿಗೆ ತೋರಿಸತಕ್ಕದ್ದು. ನಡುವೆ, ಜೀನ್ ಮೌನವಾಗಿ ನಿಂತ ಆ ಕ್ಷಣದಲ್ಲಿ, ಯಂತ್ರವನ್ನು ನಿಲ್ಲಿಸಿ ಚರ್ಚೆ ಮಾಡಿಸತಕ್ಕದ್ದು. ಈಚೆಗೆ ನಮ್ಮ ಪೋಷಕರ ಸಭೆಯಲ್ಲಿ, ಮೊಟ್ಟೆಯ ಲೆಕ್ಕ, ಸಮವಸ್ತ್ರದ ಅಳತೆ ಮುಗಿದ ಮೇಲೆ ನಾನು ಹತ್ತು ನಿಮಿಷ ಕೇಳಿ ಪಡೆದೆ. ಮಕ್ಕಳಿಗೆ ಅಡ್ಡಹೆಸರಿಡುವುದರಿಂದ ಆಗುವ ಕೇಡನ್ನು ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಗಂಡಸರು ಗಡಿಯಾರ ನೋಡಿದರು. ಹಿಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಜ್ಜಿಯೊಬ್ಬರು, “ಅಂದರೆ, ನಾಟಕದಲ್ಲಿ ಸೀತೆ ಕಟ್ಟಿದ ಹುಡುಗನ್ನ ಆಮೇಲೂ ಸೀತಮ್ಮನ ಹಂಗೇ ಮರ್ಯಾದೆಯಾಗಿ ನೋಡಬೇಕು ಅಂತೀರ ಟೀಚರಮ್ಮ?” ಎಂದರು. ಹೌದೆಂದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಸೆರಗು ಸರಿಪಡಿಸಿಕೊಂಡು, “ಅವನೇ ಸೀತೆ ಅಂದರೆ?” ಎಂದು ಕೇಳಿದರು. ಅಷ್ಟರಲ್ಲಿ ಅಧ್ಯಕ್ಷರು ನೀರಿನ ತೊಟ್ಟಿಯ ವಿಷಯವನ್ನು ಎತ್ತಿಕೊಂಡರು. ಸಭೆ ಮುಗಿದ ಮೇಲೆ ನಾನೂ ಅಜ್ಜಿಯೂ ಗೇಟಿನ ಹತ್ತಿರ ಬಹಳ ಹೊತ್ತು ಮಾತನಾಡುತ್ತ ನಿಂತಿದ್ದೆವು.